ಪಿತೃಗಳ ನಾಡಿನಲ್ಲಿ ಹೊಸಬರು

ತಂದೆತಾತಂದಿರ ನಾಡು ಮನುಷ್ಯನಿಗೆ ಹುಟ್ಟಿನಿಂದಲೇ ಸ್ವಂತವಾಗುವದೋ, ಅಥವಾ ಅದನ್ನು ಅವನು ಕಲಿತುಕೊಳ್ಳಬೇಕೋ ಎಂಬದೇ ಈ ಪಾಠದ ವಿಷಯವು. ಕಡೂರು ತಾಲೂಕಿನ ಪಂಚನಹಳ್ಳಿಯಂಥ ಊರುಗಳಿಗೂ ಈ ಪ್ರಶ್ನೆಯು ದೂರದ್ದಲ್ಲ. ಮಳೆ ಕಡಮೆಯಾದ ಈ ಬಯಲುಸೀಮೆಯಿಂದ ಹಿಂದೆ ಜನರು ಕೂಲಿಗಾಗಿ ಕಾಫಿ ತೋಟಗಳಿಗೆ ಘಟ್ಟ ಹತ್ತುತ್ತಿದ್ದರು. ಈಗ ಇಂಥ ಊರುಗಳ ಮಕ್ಕಳು ಓದಿಗೂ ಉದ್ಯೋಗಕ್ಕೂ ಸಮುದ್ರ ದಾಟುವದುಂಟು. ಅಲ್ಲಿ ಹುಟ್ಟಿ ಬೆಳೆದ ಮೊಮ್ಮಗನು ಅಜ್ಜನ ತೆಂಗಿನ ತೋಟಕ್ಕೆ ಬಂದು ನೆಲೆಸಿದರೆ, "ಇವನು ನಮ್ಮವನೇ, ಇವನಿಗೆ ಹೇಳಿಕೊಡುವದೇನಿದೆ?" ಎಂದು ಊರವರು ಎಣಿಸುತ್ತಾರೆ. ಈ ಎಣಿಕೆಯಿಂದಲೇ ಬಹಳ ಮನಸ್ತಾಪಗಳು ಹುಟ್ಟುತ್ತವೆ. ಇದು ಹೇಗೆಂದು ತಿಳಿಯುವದಕ್ಕೆ ನಮ್ಮ ರಾಜ್ಯಕ್ಕೆ ಸಂಬಂಧಪಟ್ಟ ಒಂದು ದೊಡ್ಡ ಸಂಗತಿಯನ್ನು ಮೊದಲು ನೋಡೋಣ.

1. ಸಿಂಹಳದಿಂದ ಬಂದವರು

19ನೇ ಶತಮಾನದಲ್ಲಿ ಇಂಗ್ಲಿಷ್ ದೊರೆಗಳು ಸಿಂಹಳ ದ್ವೀಪದ ಬೆಟ್ಟಗಳಲ್ಲಿ ಕಾಫಿ ತೋಟಗಳನ್ನು ಮಾಡಿಸಿದರು. 1869ರಲ್ಲಿ ಕಾಣಿಸಿಕೊಂಡ ಎಲೆರೋಗದಿಂದ ಕಾಫಿಯು ಹಾಳಾಗುತ್ತಾ ಬರಲು, ಅದರ ಬದಲಾಗಿ ಚಹದ ಗಿಡಗಳನ್ನು ನೆಡಿಸಿದರು. ಕೆಲಸಕ್ಕಾಗಿ ತಮಿಳು ಸೀಮೆಯಿಂದ ಹೋದ ಬಡವರು ಅಲ್ಲಿಯ ಲೈನು ಮನೆಗಳಲ್ಲಿ ತಲೆತಲಾಂತರವಾಗಿ ಬದುಕಿದರು. ಆದರೆ ಸಿಂಹಳವು 1948ರಲ್ಲಿ ಸ್ವತಂತ್ರವಾದ ಬಳಿಕ, ಅದೇ ವರುಷ ಮಾಡಿದ ಪೌರತ್ವದ ಕಾನೂನಿನಿಂದ, ಅವರಲ್ಲಿ ಬಹುಮಂದಿ ಯಾವ ದೇಶದ ಪ್ರಜೆಗಳೂ ಅಲ್ಲದವರಾದರು.

1964ನೇ ಅಕ್ಟೋಬರ್ 30ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿಂಹಳದ ಪ್ರಧಾನಿ ಸಿರಿಮಾವೋ ಭಂಡಾರನಾಯಕೆಯವರೂ ಒಂದು ಒಡಂಬಡಿಕೆ ಮಾಡಿಕೊಂಡರು. ಸುಮಾರು 9,75,000 ಜನರಲ್ಲಿ 5,25,000 ಮಂದಿಯನ್ನು ಭಾರತವೂ 3,00,000 ಮಂದಿಯನ್ನು ಸಿಂಹಳವೂ ಪ್ರಜೆಗಳಾಗಿ ಸ್ವೀಕರಿಸತಕ್ಕದ್ದೆಂದು ನಿರ್ಣಯವಾಯಿತು. ಮಿಕ್ಕ 1,50,000 ಮಂದಿಯನ್ನು ಸರಿಪಾಲಾಗಿ ಹಂಚಿಕೊಳ್ಳುವದೆಂದು 1974ರಲ್ಲಿ ಗೊತ್ತಾಯಿತು. ಭಾರತಕ್ಕೆ ಹೊರಟ ಕುಟುಂಬಗಳು ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದವು. ಮಂಡಪದ ಶಿಬಿರದಿಂದ ಅವರನ್ನು ಬೇರೆ ಬೇರೆ ಸ್ಥಳಗಳಿಗೆ ಕಳುಹಿಸಿದರು. ಅವರೊಳಗೆ ಕೆಲವರು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ, ಪುತ್ತೂರು ತಾಲೂಕುಗಳ ರಬ್ಬರ್ ತೋಟಗಳಿಗೆ ಬಂದರು. 1971ರಲ್ಲಿ ಸ್ಥಾಪಿತವಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಈ ತೋಟಗಳಲ್ಲಿ ಅವರಿಗೆ ಕೆಲಸವೂ ಮನೆಯೂ ದೊರೆತವು.

ಸರ್ಕಾರದ ಕಾಗದಗಳಲ್ಲಿ ಅವರಿಗೆ "ಮರಳಿ ಬಂದವರು" ಎಂದು ಹೆಸರಾಯಿತು. ಆದರೆ ಅವರಲ್ಲಿ ಅನೇಕರು ಭಾರತವನ್ನು ಅದಕ್ಕಿಂತ ಮೊದಲು ಕಣ್ಣಾರೆ ಕಂಡವರೇ ಅಲ್ಲ. ಎಂದೂ ಕಾಣದ ಊರಿಗೆ ಮರಳುವದು ಹೇಗೆ? ಮರಳಿದ್ದು ಅವರ ಅಜ್ಜಂದಿರ ಹೆಸರು, ಬಂದವರೋ ಹೊಸಬರು.

2. ಅವರಿಗೆ ಉಂಟಾದ ಮೂರು ಅಡ್ಡಿಗಳು

ಮೊದಲನೆಯದು ಕೆಲಸ. ತೋಟದ ದುಡಿಮೆಯ ಹೊರತು ಬೇರೇನೂ ಅರಿಯದ ಅನೇಕರಿಗೆ ತಮಿಳುನಾಡಿನಲ್ಲಿ ವ್ಯಾಪಾರಕ್ಕೆಂದು ಸಾಲ ಕೊಟ್ಟರು. ಕೊಳ್ಳುವದನ್ನೂ ಮಾರುವದನ್ನೂ ಕಲಿಯದವನ ಕೈಯಲ್ಲಿ ಆ ಹಣವು ಎಷ್ಟು ದಿನ ನಿಂತೀತು? ಸುಳ್ಯಕ್ಕೆ ಬಂದವರಿಗಾದರೋ ತೋಟದ ಕೆಲಸವೇ ದೊರೆಯಿತು. ಆದಾಗ್ಯೂ ಚಹದ ಚಿಗುರು ಕೊಯ್ದ ಕೈಗಳು ನಸುಕಿನಲ್ಲೆದ್ದು ಮರದ ತೊಗಟೆಯನ್ನು ಹದವಾಗಿ ಕೆತ್ತಿ ರಬ್ಬರಿನ ಹಾಲು ಇಳಿಸುವದನ್ನು ಹೊಸದಾಗಿ ಕಲಿಯಬೇಕಾಯಿತು.

ಎರಡನೆಯದು ಭಾಷೆ. ಅವರ ಮನೆಮಾತು ತಮಿಳು. ಸುಳ್ಯದ ಸಂತೆಯಲ್ಲಿ ಕೇಳಿಬರುವದು ಕನ್ನಡ, ತುಳು, ಅರೆಭಾಷೆ. ದೇಶವು ಅಜ್ಜಂದಿರದಾದರೂ ಊರು ಅನ್ಯರದಾಗಿತ್ತು.

ಮೂರನೆಯದೂ ಹೆಚ್ಚು ನೋಯಿಸುವದೂ ಹೆಸರು. ಸಿಂಹಳದಲ್ಲಿದ್ದಾಗ ಅವರನ್ನು ಭಾರತದವರೆಂದು ಕರೆದು ಹೊರಗಿಟ್ಟರು; ಭಾರತಕ್ಕೆ ಬಂದಾಗ ಸಿಲೋನಿನವರೆಂದು ಕರೆದರು. ಪ್ರಜೆಯೆಂದು ಪತ್ರ ಸಿಕ್ಕಿದರೂ ನೆರೆಯವನ ಬಾಯಲ್ಲಿ ಪರದೇಶಿಯೇ ಆಗಿ ಉಳಿಯುವದುಂಟೆಂದು ಇದರಿಂದ ತಿಳಿಯತಕ್ಕದ್ದು.

ಇದು ಹೊಸ ಸಂಗತಿಯೂ ಅಲ್ಲ. ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಪಾರಸಿಯ ರಾಜನಾದ ಕೋರೆಷನು ಕ್ರಿ. ಪೂ. 538ರ ಸುಮಾರಿಗೆ ಸ್ವದೇಶಕ್ಕೆ ಹೋಗಲು ಅಪ್ಪಣೆ ಕೊಟ್ಟ ವೃತ್ತಾಂತವನ್ನು ವಾಚಕರು ಬಲ್ಲರು. ಅಷ್ಟರೊಳಗೆ ಸುಮಾರು ಐವತ್ತು ವರುಷಗಳು ಕಳೆದಿದ್ದವು. ಯೆರೂಸಲೇಮನ್ನು ಕಂಡಿದ್ದವರು ಮುದುಕರು ಮಾತ್ರವೇ. ಬಂದವರಿಗೂ ದೇಶದಲ್ಲಿಯೇ ಇದ್ದವರಿಗೂ ಬೇಗನೆ ಜಗಳ ಹತ್ತಿತು.

3. ನಮ್ಮ ಊರುಗಳಲ್ಲಿ ಮಾಡತಕ್ಕದ್ದು

ಪರದೇಶದಿಂದ ಬರುವ ನಮ್ಮ ಮೊಮ್ಮಕ್ಕಳು ಸಿಂಹಳದ ಕೂಲಿಗಳಂತೆ ಬಡವರಲ್ಲದೆ ಇರಬಹುದು. ಆದರೂ ಕಲಿಯಬೇಕಾದದ್ದು ಅವರಿಗೂ ಬಹಳವಿದೆ. ಇಂಗ್ಲಿಷಿನಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ "ಅಂಕಲ್" ಎಂಬ ಒಂದೇ ಮಾತು. ಯಾರಿಗೆ ಯಾವ ಸಲಿಗೆ, ಯಾವ ಮರ್ಯಾದೆ ಎಂಬದು ಆ ಮಾತಿನಿಂದ ಗೊತ್ತಾಗದು. ಮನೆಯಲ್ಲಿ ತಾಯಿಯೊಡನೆ ಮಾತ್ರ ಕನ್ನಡವಾಡಿದ ಹುಡುಗನು ಊರ ಹಿರಿಯರನ್ನು "ನೀನು" ಎಂದಾನು. ಅದು ಗರ್ವವಲ್ಲ, ಅವನಿಗೆ ತಿಳಿದ ಕನ್ನಡವೇ ಅಷ್ಟು. ಹೊರಡುವಾಗ "ಹೋಗಿ ಬರುತ್ತೇನೆ" ಎನ್ನುವ ಬದಲು "ಹೋಗುತ್ತೇನೆ" ಎಂದು ಅಜ್ಜಿಯ ಮನಸ್ಸನ್ನು ನೋಯಿಸಿಯಾನು. ನಾವು "ಊಟವಾಯಿತೇ?" ಎಂದು ಪ್ರೀತಿಯಿಂದ ಕೇಳಿದರೆ, ಇವರಿಗೇಕೆ ನನ್ನ ಊಟದ ಚಿಂತೆ ಎಂದು ಅವನು ಬೆರಗಾದಾನು. ಇಂಥಲ್ಲಿ ನಗುವವರು ಅನೇಕರು. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿಕೊಡುವವರು ಕೊಂಚವೇ.

ಕಾಗದದ ವಿಷಯವನ್ನೂ ಮರೆಯಬಾರದು. ಪರದೇಶದ ಪ್ರಜೆಯಾದ ಭಾರತೀಯ ಮೂಲದವನಿಗೆ 2005ರ ಕಾನೂನಿನ ಪ್ರಕಾರ ಸಾಗರೋತ್ತರ ನಾಗರಿಕನೆಂಬ ಕಾರ್ಡು ದೊರೆಯಬಹುದು. ಅದರಿಂದ ಅವನು ಜೀವಮಾನವೆಲ್ಲಾ ಇಲ್ಲಿಗೆ ಬಂದು ಹೋಗುತ್ತಿರಬಹುದು, ಬೇಕಾದಷ್ಟು ಕಾಲ ಇರಬಹುದು. ಆದರೆ ಅವನಿಗೆ ಓಟಿನ ಹಕ್ಕಿಲ್ಲ; ಹೊಲ ತೋಟಗಳನ್ನು ಕ್ರಯಕ್ಕೆ ಕೊಳ್ಳುವದಕ್ಕೂ ಆಗದು. ಇಲ್ಲಿಯ ಅಜ್ಜನ ಜಮೀನು ವಾರಸಿನಿಂದ ಬಂದರೆ ಹೊಂದಬಹುದು. ಆದಕಾರಣ ಹೊಲ ಕೊಳ್ಳುವೆನೆಂದು ಮುಂಗಡ ಕೊಡುವವನೂ, ಅದನ್ನು ತೆಗೆದುಕೊಳ್ಳುವವನೂ, ತಿಳಿದ ವಕೀಲರನ್ನು ಮೊದಲು ಕೇಳತಕ್ಕದ್ದು.

ಬಂದವನಿಗೂ ಒಂದು ಮಾತು. ಅಜ್ಜನು ಹೇಳಿದ ಊರು ಅಜ್ಜನ ಕಾಲದ್ದು. ಆ ಕೆರೆ, ಆ ಗೆಳೆಯರು, ಆ ಬೀದಿ ಈಗ ಹಾಗೆ ಇರಲಾರವು. ಕಥೆಯ ಊರನ್ನು ಹುಡುಕುತ್ತಾ ಎದುರಿಗಿರುವ ಊರನ್ನು ತಿರಸ್ಕರಿಸಬೇಡ. ಒಂದು ವರುಷವಾದರೂ ರಾಗಿಯ ಬಿತ್ತನೆಯನ್ನೂ ಕೊಯ್ಲನ್ನೂ ನೋಡು, ಕೈಹಾಕು, ತಪ್ಪಾದರೆ ಕೇಳು. ಅನಂತರ ಸಲಹೆ ಕೊಡು.

ಹುಟ್ಟು ಬಾಗಿಲ ತನಕ ತರುವದು. ಒಳಗೆ ಬರಬೇಕಾದರೆ ಬಂದವನು ಕಲಿಯಬೇಕು, ಇದ್ದವನು ಕಲಿಸಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಪಿತೃಗಳ ನಾಡು ಪರದೇಶವೇ.

ಪ್ರಶ್ನೆಗಳು

1. ಸಿಂಹಳದಿಂದ ಬಂದವರನ್ನು "ಮರಳಿ ಬಂದವರು" ಎನ್ನುವದು ಯಾಕೆ ಪೂರ್ಣವಾಗಿ ಸರಿಯಲ್ಲ?
2. ಅವರಿಗೆ ಕೊಟ್ಟ ಸಹಾಯಗಳಲ್ಲಿ ಯಾವದು ಅವರ ಬಲ್ಲಿಕೆಗೆ ತಕ್ಕದ್ದಾಗಿತ್ತು, ಯಾವದು ತಕ್ಕದ್ದಾಗಿರಲಿಲ್ಲ?
3. ಸಾಗರೋತ್ತರ ನಾಗರಿಕನಿಗೆ ಇರುವ ಹಕ್ಕುಗಳಾವವು, ಇಲ್ಲದವುಗಳಾವವು?
4. ನಿಮ್ಮ ಊರಿಗೆ ಹೊಸದಾಗಿ ಬಂದು ಇನ್ನೂ ಹೊರಗಿನವರೆಂದು ಕರೆಯಲ್ಪಡುವವರು ಯಾರು? ಅವರಿಗೆ ಈ ವಾರ ನೀವು ಏನನ್ನು ಹೇಳಿಕೊಡಬಹುದು?