ಯುದ್ಧಕಾಲದ ಪಿಯಾನೋ ವಾದಕಿ ಮೈರಾ ಹೆಸ್

ಪರೀಕ್ಷೆಗೆ ಬಾರದ ಸಂಗೀತಕ್ಕೆ ಶಾಲೆಯಲ್ಲಿ ವೇಳೆಯೇಕೆಂದು ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಪಾಲಕರು ಆಗಾಗ ಕೇಳುವದುಂಟು. ಪ್ರಶ್ನೆಯೇನೋ ಯೋಗ್ಯವಾದುದೇ. ಅದಕ್ಕೆ ಬಹು ಕಠಿಣವಾದ ಕಾಲದಲ್ಲಿ ಉತ್ತರ ಕೊಟ್ಟ ಸ್ತ್ರೀಯೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳುವೆನು.

ಮೈರಾ ಹೆಸ್ ೧೮೯೦ನೇ ಇಸವಿ ಫೆಬ್ರುವರಿ ೨೫ರಂದು ಲಂಡನ್ನಿನ ಯೆಹೂದ್ಯ ಕುಟುಂಬದಲ್ಲಿ ಜನಿಸಿದರು. ರಾಯಲ್ ಅಕಾಡೆಮಿಯಲ್ಲಿ ಟೋಬಿಯಾಸ್ ಮ್ಯಾಥೆ ಎಂಬ ಗುರುಗಳಿಂದ ಪಿಯಾನೋ ಕಲಿತು, ೧೯೦೭ರಿಂದ ಸಭೆಗಳಲ್ಲಿ ನುಡಿಸತೊಡಗಿದರು. ಹಾರ್ಮೋನಿಯಮ್ ಬಲ್ಲ ನಮ್ಮ ಹುಡುಗಿಯರಿಗೆ ಪಿಯಾನೋದ ಬಿಳಿ ಕರಿ ಮನೆಗಳು ಹೊಸವಲ್ಲ. ಆದರೆ ಅದರಲ್ಲಿ ಗಾಳಿಯ ಕೆಲಸವಿಲ್ಲ. ಮನೆಯನ್ನು ಒತ್ತಿದೊಡನೆ ಒಳಗಿನ ಪುಟ್ಟ ಸುತ್ತಿಗೆಯು ತಂತಿಯನ್ನು ತಾಡಿಸಿ ನಾದವೇಳುವದು.

೧೯೩೯ರ ಸೆಪ್ಟೆಂಬರದಲ್ಲಿ ಯುದ್ಧವು ಆರಂಭವಾಗಲು, ಬಾಂಬಿನ ಭಯದಿಂದ ಲಂಡನ್ನಿನ ನಾಟಕಗೃಹಗಳೂ ಸಂಗೀತಸಭಾಗೃಹಗಳೂ ಮುಚ್ಚಲ್ಪಟ್ಟವು. ರಾತ್ರಿ ಬೀದಿಯಲ್ಲಿ ದೀಪವಿಲ್ಲ. ನ್ಯಾಶನಲ್ ಗ್ಯಾಲರಿ ಎಂಬ ದೊಡ್ಡ ಚಿತ್ರಶಾಲೆಯ ಚಿತ್ರಗಳನ್ನು ದೂರಕ್ಕೆ ಸಾಗಿಸಿದ್ದರಿಂದ ಗೋಡೆಗಳು ಬರಿದಾಗಿದ್ದವು. ಮೈರಾ ತಮ್ಮ ಅಮೇರಿಕೆಯ ಪ್ರವಾಸವನ್ನು ಬಿಟ್ಟುಕೊಟ್ಟು, ಆ ಬರಿಯ ಕೋಣೆಗಳಲ್ಲಿ ಹಗಲುಹೊತ್ತು ಸಂಗೀತ ನಡಿಸಬಹುದೇ ಎಂದು ಅಲ್ಲಿನ ನಿರ್ದೇಶಕರಾದ ಕೆನೆತ್ ಕ್ಲಾರ್ಕರನ್ನು ಕೇಳಿದರು. ಎಂದೋ ಒಮ್ಮೆ ಏಕೆ, ನಿತ್ಯವೂ ನಡೆಯಲಿ ಎಂಬುದೇ ಕ್ಲಾರ್ಕರ ಅಭಿಪ್ರಾಯವಾಯಿತು.

ಅಕ್ಟೋಬರ ೧೦ರಂದು ಮೈರಾ ತಾವೇ ಮೊದಲು ನುಡಿಸಿದರು. ಕೆಲವೇ ಮಂದಿ ಬಂದಾರೆಂದಿದ್ದಲ್ಲಿ ಸುಮಾರು ಸಾವಿರ ಜನರು ನೆರೆದರು! ಅಂದಿನಿಂದ ಸೋಮವಾರದಿಂದ ಶುಕ್ರವಾರದ ವರೆಗೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸಭೆ. ಪ್ರವೇಶಕ್ಕೆ ಒಂದು ಶಿಲಿಂಗು. ಜೇನುತುಪ್ಪ, ಒಣದ್ರಾಕ್ಷಿ ಹಾಕಿದ ಸ್ಯಾಂಡ್‌ವಿಚ್ಚುಗಳೂ ಅಲ್ಲಿಯೇ ದೊರೆಯುತ್ತಿದ್ದವು. ಪ್ರಖ್ಯಾತರಿಗೂ ಹೊಸಬರಿಗೂ ಸಂಭಾವನೆ ಒಂದೇ. ಮೈರಾ ಮಾತ್ರ ಏನನ್ನೂ ಸ್ವೀಕರಿಸಲಿಲ್ಲ.

೧೯೪೦ರಲ್ಲಿ ಬಾಂಬುಗಳು ನಿಜವಾಗಿಯೂ ಬಿದ್ದಾಗ ಸಭೆಯು ನೆಲಮಾಳಿಗೆಗೆ ಇಳಿಯಿತು. ಸಿಡಿಯದ ಬಾಂಬೊಂದು ಕಟ್ಟಡದಲ್ಲಿ ಕಂಡುಬಂದಾಗ ಸಭೆಯನ್ನು ದೂರದ ಕೋಣೆಗೆ ಒಯ್ದರೇ ಹೊರತು ನಿಲ್ಲಿಸಲಿಲ್ಲ. ಮರುವರ್ಷ ಸರಕಾರವು ಆಕೆಗೆ 'ಡೇಮ್' ಪದವಿಯನ್ನಿತ್ತಿತು.

ನನಗೆ ಪದವಿಗಿಂತಲೂ ದೊಡ್ಡದಾಗಿ ಕಾಣುವದು ಬೇರೊಂದುಂಟು. ಆಕೆ ನುಡಿಸಿದ್ದು ಯಾರ ಸಂಗೀತ? ಬಾಖ್, ಬೇಥೋವನ್ ಇಬ್ಬರೂ ಜರ್ಮನರು. ಆಕೆಯ ಕುಲವನ್ನೇ ನಿರ್ಮೂಲ ಮಾಡಹೊರಟವರೂ, ಆ ನಗರದ ಮೇಲೆ ಬೆಂಕಿ ಸುರಿಸಿದವರೂ ಜರ್ಮನರೇ. ಆದರೂ ಆ ಸಂಗೀತವನ್ನು ಶತ್ರುವಿನ ಸೊತ್ತೆಂದು ಆಕೆ ಬಿಟ್ಟುಕೊಡಲಿಲ್ಲ. ಹಗೆಯ ನಡುವೆ ಇಷ್ಟು ವಿವೇಕವನ್ನು ಕಾಯ್ದುಕೊಳ್ಳುವದು ಸುಲಭವಲ್ಲ.

೧೯೪೬ರ ಏಪ್ರಿಲ ೧೦ರ ವರೆಗೆ ಒಟ್ಟು ೧,೬೯೮ ಸಭೆಗಳಾದವು. ಕೇಳಿದವರು ಎಂಟು ಲಕ್ಷಕ್ಕೂ ಮಿಕ್ಕಿ. ಅವರಲ್ಲಿ ಅನೇಕರು ಗಂಟೆ ಮುಗಿದೊಡನೆ ತಂತಮ್ಮ ಕಚೇರಿಗಳಿಗೆ, ಕೆಲಸಗಳಿಗೆ ಮರಳಿದವರು.