ಪಂಢರಪುರದ ವಾರಿ: ಸ್ವಾಸ್ಥ್ಯಕ್ಕೊಂದು ನಡಿಗೆ

‘ಸ್ವಸ್ಥ’ ಎಂದರೆ ತನ್ನಲ್ಲಿ ನೆಲೆನಿಂತವನು. ‘ಯಾತ್ರೆ’ಯಾದರೋ ‘ಯಾ’ ಎಂಬ ಗಮನಾರ್ಥಕ ಧಾತುವಿನಿಂದ ಹುಟ್ಟಿದ ಶಬ್ದ. ಒಂದು ನಿಲ್ಲುವುದನ್ನು ಹೇಳಿದರೆ ಇನ್ನೊಂದು ನಡೆಯುವುದನ್ನು ಹೇಳುತ್ತದೆ. ನಡೆಯುವುದರಿಂದ ನೆಲೆ ದೊರಕುವುದೆಂತು? ಈ ಪ್ರಶ್ನೆಗೆ 2022ನೆಯ ಇಸವಿಯ ಪಂಢರಪುರದ ವಾರಿಯಲ್ಲಿ ಉತ್ತರವಿದೆ.

ಪುಣೆಯ ಸಮೀಪದ ಆಳಂದಿಯಿಂದ ಜ್ಞಾನೇಶ್ವರರ ಪಾದುಕೆಗಳನ್ನೂ ದೇಹುವಿನಿಂದ ತುಕಾರಾಮರ ಪಾದುಕೆಗಳನ್ನೂ ಪಲ್ಲಕ್ಕಿಗಳಲ್ಲಿರಿಸಿಕೊಂಡು ವಾರಕರಿಗಳು ಆಷಾಢ ಶುದ್ಧ ಏಕಾದಶಿಯ ಹೊತ್ತಿಗೆ ಭೀಮಾತೀರದ ಪಂಢರಪುರವನ್ನು ಸೇರುತ್ತಾರೆ. ಆಳಂದಿಯಿಂದ ದಾರಿ ಸುಮಾರು 250 ಕಿಲೋಮೀಟರು. ಹಿಡಿಯುವ ಕಾಲ ಹೆಚ್ಚು ಕಡಿಮೆ ಮೂರು ವಾರ. ಈ ಪಲ್ಲಕ್ಕಿಗೆ ಇಂದಿನ ಶಿಸ್ತನ್ನು ತಂದವರು ಹತ್ತೊಂಬತ್ತನೆಯ ಶತಮಾನದ ಹೈಬತಬಾಬಾ. ಕನ್ನಡ ನಾಡಿಗೂ ಇದರಲ್ಲಿ ಪಾಲುಂಟು. ಪಲ್ಲಕ್ಕಿಯ ಮುಂದೆ ಸಾಗುವ ಕುದುರೆಗಳು ಬರುವುದು ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನದಿಂದ. ಅವುಗಳಲ್ಲಿ ಒಂದರ ಮೇಲೆ ಸವಾರನಿಲ್ಲ. ಸ್ವತಃ ಜ್ಞಾನೇಶ್ವರರೇ ಅದನ್ನೇರಿ ಬರುವರೆಂದು ಭಕ್ತರು ನಂಬುತ್ತಾರೆ.

ಕೊರೊನಾ ಸಾಂಕ್ರಾಮಿಕದಿಂದಾಗಿ 2020 ಮತ್ತು 2021ರಲ್ಲಿ ಈ ಜನಪ್ರವಾಹ ನಿಂತಿತು. ಕೆಲವೇ ಜನರು ಪಾದುಕೆಗಳನ್ನು ಬಸ್ಸಿನಲ್ಲಿ ಕೊಂಡೊಯ್ದರು. ಅದೇ ಕಾಲದಲ್ಲಿ ಊರೂರುಗಳಲ್ಲಿ ಇನ್ನೊಂದು ನಡಿಗೆಯೂ ನಿಂತಿತ್ತು. ಅದು ಮೃತರನ್ನು ಮಸಣದವರೆಗೆ ಕಳುಹಿಸಿಬರುವ ಬಂಧುಬಾಂಧವರ, ನೆರೆಹೊರೆಯವರ ನಡಿಗೆ. ಎಷ್ಟೋ ಮಕ್ಕಳಿಗೆ ತಂದೆತಾಯಿಗಳ ಅಂತಿಮ ದರ್ಶನವೂ ಒದಗಲಿಲ್ಲ. ರೋಗವು ತೊಲಗಿದ ಮೇಲೂ ಹಂಚಿಕೊಳ್ಳದ ಆ ಅಳಲು ಎದೆಯಲ್ಲಿಯೇ ಉಳಿಯಿತು.

2022ರ ಜೂನ್ ತಿಂಗಳಲ್ಲಿ ಪಲ್ಲಕ್ಕಿಗಳು ಮತ್ತೆ ಹೊರಟು ಜುಲೈ 10ರ ಏಕಾದಶಿಗೆ ಪಂಢರಪುರವನ್ನು ಮುಟ್ಟಿದವು. ಲಕ್ಷಾಂತರ ಜನರು ಕೂಡಿ ನಡೆದರು. ಈ ನಡಿಗೆಯ ಗುಣವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇಲ್ಲಿ ಒಬ್ಬೊಬ್ಬರೂ ಒಂದು ದಿಂಡಿಗೆ, ಎಂದರೆ ಒಂದು ತಂಡಕ್ಕೆ, ಸೇರಿದವರು. ವೀಣೆ, ತಾಳ, ಪಖವಾಜುಗಳ ಲಯಕ್ಕೆ ಹೆಜ್ಜೆ ಹಾಕುವಾಗ ಮುದುಕನ ನಡೆಗೆ ತರುಣನು ಹೊಂದಿಕೊಳ್ಳುತ್ತಾನೆ. ಎದುರಾದವರನ್ನು ‘ಮಾವುಲಿ’, ಎಂದರೆ ತಾಯಿ, ಎಂದು ಕರೆದು ಪರಸ್ಪರ ಪಾದ ಮುಟ್ಟಿ ನಮಸ್ಕರಿಸುತ್ತಾರೆ. ಮುಟ್ಟಲು ಅಂಜಿದ ಎರಡು ವರ್ಷಗಳ ಬಳಿಕ ಈ ಸ್ಪರ್ಶಕ್ಕೆ ಎಂತಹ ಬೆಲೆ!

ಆಳಂದಿಯ ಪಲ್ಲಕ್ಕಿ ಬೀಡುಬಿಟ್ಟಲ್ಲಿ ಸಂಜೆ ‘ಸಮಾಜ ಆರತಿ’ ನಡೆಯುತ್ತದೆ. ಚೋಪದಾರನು ದಂಡವನ್ನೆತ್ತಿದೊಡನೆ ಸಕಲ ತಾಳಗಳೂ ನಿಲ್ಲುತ್ತವೆ. ಆದರೆ ಯಾವುದಾದರೂ ದಿಂಡಿಗೆ ದೂರು ಇದ್ದರೆ ಆ ದಿಂಡಿಯವರು ತಾಳ ಬಾರಿಸುತ್ತಲೇ ಇರುತ್ತಾರೆ. ಅವರ ಅಳಲನ್ನು ಕೇಳಿ ಪರಿಹರಿಸುವುದು ಅಲ್ಲಿನ ಪದ್ಧತಿ. ಅಷ್ಟು ದೊಡ್ಡ ಸಮೂಹವೂ ಒಂದು ತಾಳದ ಸದ್ದಿಗೆ ಕಿವಿಗೊಡುತ್ತದೆ.

ಯಾತ್ರೆಯು ಲಸಿಕೆಗೆ ಬದಲಲ್ಲ, ವೈದ್ಯನ ಕೆಲಸವನ್ನು ಅದು ಮಾಡದು. ಆದರೆ ಒಂಟಿಯಾಗಿ ಹೊರಲಾರದ ದುಃಖಕ್ಕೆ ಅದು ಜೊತೆಗಾರರನ್ನು ಕೊಡುತ್ತದೆ. ಬರಿದಾದ ಜೀನಿನ ಕುದುರೆಯು ಮೆರವಣಿಗೆಯ ಮುಂದೆ ಸಾಗುವಂತೆ, ಅಗಲಿದವರ ನೆನಪಿಗೂ ನಮ್ಮ ಬಾಳಿನಲ್ಲಿ ಮುಂದಣ ಸ್ಥಾನವಿರಲಿ. ವಿದ್ಯಾರ್ಥಿಗಳೇ, ನಿಮ್ಮ ತರಗತಿಯಲ್ಲಿಯೂ ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಸಹಪಾಠಿ ಇರಬಹುದು. ಅವನ ನಡೆಗೆ ನಿಮ್ಮ ನಡೆಯನ್ನು ಹೊಂದಿಸಿ ಶಾಲೆಯಿಂದ ಮನೆಯವರೆಗೆ ಜೊತೆಯಾಗಿರಿ. ವಾರಿಯ ಪಾಠವನ್ನು ಕಲಿಯಲು ಅಷ್ಟು ದೂರ ಸಾಕು.