ಚಿಗಟ: ನಾಯಿಯ ಮೈಮೇಲೆ 5, ಮನೆಯ ನೆಲದಲ್ಲಿ 95

ಚಿಗಟ ನೆಲೆಯೂರಿದ ಮನೆಯೊಂದರಲ್ಲಿ ಅದರ ಒಟ್ಟು ಸಂತತಿಯನ್ನು ನೂರು ಎಂದು ಇಟ್ಟುಕೊಂಡರೆ, ನಾಯಿಯ ಮೈಮೇಲೆ ಓಡಾಡುತ್ತ ಕಣ್ಣಿಗೆ ಬೀಳುವ ಬೆಳೆದ ಕೀಟಗಳು ಸುಮಾರು 5 ಮಾತ್ರ. ಉಳಿದ 95ರಲ್ಲಿ ಸರಿಸುಮಾರು 50 ಮೊಟ್ಟೆಗಳಾಗಿ, 35 ಮರಿಹುಳುಗಳಾಗಿ, 10 ಗೂಡಿನೊಳಗಿನ ಕೋಶಗಳಾಗಿ, ನಾಯಿ ಮಲಗುವ ಗೋಣಿಚೀಲದ ಮಡಿಕೆ, ಸೋಫಾದ ಸಂದು, ಮಂಚದಡಿಯ ದೂಳು, ಜಗುಲಿಯ ಬಿರುಕುಗಳಲ್ಲಿ ಅಡಗಿರುತ್ತವೆ ಎಂಬುದು ಪಶುವೈದ್ಯ ಶಾಸ್ತ್ರದಲ್ಲಿ ಬಳಕೆಯಲ್ಲಿರುವ ಅಂದಾಜು. ನಾಯಿಗೆ ಮಾತ್ರ ಔಷಧ ಹಾಕಿ, ಹದಿನೈದು ದಿನಗಳಲ್ಲಿ ಮತ್ತೆ ಚಿಗಟ ಕಂಡಾಗ ಔಷಧವೇ ಕಳಪೆಯೆಂದು ದೂರುವವರು ಈ ಲೆಕ್ಕವನ್ನು ಗಮನಿಸಿರುವುದಿಲ್ಲ.

ಹೆಣ್ಣು ಚಿಗಟ ಮೊದಲ ಬಾರಿ ರಕ್ತ ಹೀರಿದ ಒಂದೆರಡು ದಿನಗಳಲ್ಲಿಯೇ ಮೊಟ್ಟೆಯಿಡಲು ತೊಡಗಿ, ದಿನಕ್ಕೆ 40ರಿಂದ 50ರವರೆಗೂ ಇಡಬಲ್ಲದು. ಹೇನಿನ ಸೀರು ಕೂದಲಿಗೆ ಅಂಟಿಕೊಳ್ಳುವಂತೆ ಈ ಮೊಟ್ಟೆಗಳು ಅಂಟಿಕೊಳ್ಳುವುದಿಲ್ಲ. ನುಣುಪಾಗಿರುವುದರಿಂದ ಜಾರಿ, ನಾಯಿ ಹೋದಲ್ಲೆಲ್ಲ ಉದುರುತ್ತವೆ, ಅದು ಹೆಚ್ಚು ಹೊತ್ತು ಮಲಗುವ ಜಾಗದಲ್ಲಿ ಹೆಚ್ಚು ಉದುರುತ್ತವೆ. ಮೊಟ್ಟೆಯೊಡೆದು ಬರುವ ಬಿಳಿಯ ದಾರದಂಥ ಮರಿಹುಳು ಬೆಳಕಿಗೆ ಹೆದರಿ ಸಂದುಗಳೊಳಗೆ ಸರಿದು, ದೊಡ್ಡ ಚಿಗಟಗಳ ಹಿಕ್ಕೆಯನ್ನು, ಎಂದರೆ ಅವು ಹೀರಿ ವಿಸರ್ಜಿಸಿದ ಒಣರಕ್ತವನ್ನು ತಿಂದು ಬೆಳೆಯುತ್ತದೆ. ಬಳಿಕ ರೇಷ್ಮೆಹುಳುವಿನಂತೆಯೇ ತನ್ನ ಸುತ್ತ ನೂಲು ಸುತ್ತಿ ಗೂಡು ಕಟ್ಟುತ್ತದೆ. ಆದರೆ ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನಂತೆ ಅದು ಹೊಳೆಯುವುದಿಲ್ಲ, ಜಿಗುಟಾಗಿದ್ದು ಸುತ್ತಲಿನ ದೂಳನ್ನೆಲ್ಲ ಮೆತ್ತಿಕೊಂಡು ಕಸದ ಕಣದಂತೆಯೇ ಕಾಣುತ್ತದೆ. ಬೆಚ್ಚಗಿನ, ತೇವವಿರುವ ಹವೆಯಲ್ಲಿ ಈ ಇಡೀ ಚಕ್ರ ಎರಡು ಮೂರು ವಾರಗಳಲ್ಲಿ ಮುಗಿಯುತ್ತದೆ. ಮರಿಹುಳುವಿಗೆ ಬಿಸಿಲೂ ಒಣಹವೆಯೂ ಆಗದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50ಕ್ಕಿಂತ ಇಳಿದರೆ ಅದು ಬದುಕುವುದು ಕಷ್ಟ. ಮಳೆಗಾಲದ ಕರಾವಳಿ ಮತ್ತು ಮಲೆನಾಡು ಚಿಗಟಕ್ಕೆ ಹಿಡಿಸುವುದೂ, ಕಲಬುರಗಿಯ ಬೇಸಿಗೆಯ ಬಯಲು ಹಿಡಿಸದಿರುವುದೂ ಇದರಿಂದಲೇ. ಆದರೆ ಅಲ್ಲಿಯೂ ನೀರಿನ ಕೊಡ ಇಟ್ಟ ತಣ್ಣನೆಯ ಮೂಲೆಯೊಂದು ಸಿಕ್ಕರೆ ಅದಕ್ಕೆ ಸಾಕು.

ಮೊದಲು ಖಚಿತಪಡಿಸಿಕೊಳ್ಳುವುದು

ಕೆರೆದುಕೊಳ್ಳುವ ನಾಯಿಗೆಲ್ಲ ಚಿಗಟವೇ ಹತ್ತಿರಬೇಕೆಂದಿಲ್ಲ. ಉಣ್ಣೆ ಎಂಟು ಕಾಲಿನ ಬೇರೆಯದೇ ಜೀವಿ. ಅದು ಚರ್ಮಕ್ಕೆ ಕಚ್ಚಿ ಹಿಡಿದು, ರಕ್ತ ಕುಡಿದು ಹರಳುಬೀಜದಂತೆ ಉಬ್ಬುತ್ತದೆ, ಜಿಗಿಯುವುದಿಲ್ಲ. ಮಲೆನಾಡಿನ ಮಂಗನ ಕಾಯಿಲೆಯನ್ನು ಹರಡುವುದು ಆ ಉಣ್ಣೆಯ ಬಳಗವೇ ಹೊರತು ಚಿಗಟವಲ್ಲ. ಚಿಗಟ ಆರು ಕಾಲಿನದು, ರೆಕ್ಕೆಯಿಲ್ಲದ್ದು, ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾದ ಕಡುಕಂದು ಕೀಟ. ಕೂದಲ ನಡುವೆ ನುಸುಳಿ ಓಡುವುದಕ್ಕೆ ಆ ಚಪ್ಪಟೆ ಮೈ ಹೇಳಿ ಮಾಡಿಸಿದಂತಿರುತ್ತದೆ. ಮುಧೋಳ ನಾಯಿಯಂಥ ಗಿಡ್ಡಗೂದಲಿನ ತಳಿಯ ಹೊಟ್ಟೆಯ ಭಾಗದಲ್ಲಿ ಅದು ಓಡುವುದು ನೇರವಾಗಿಯೇ ಕಾಣಬಹುದು. ದಟ್ಟಗೂದಲಿನ ನಾಯಿಯಲ್ಲಿ ಕಾಣದಿದ್ದರೆ, ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆಯಿಂದ ಬಾಲದ ಬುಡ ಮತ್ತು ಸೊಂಟದ ಮೇಲ್ಭಾಗವನ್ನು ಬಾಚಿ, ಉದುರಿದ ಕಪ್ಪು ಕಣಗಳನ್ನು ಒದ್ದೆಮಾಡಿದ ಬಿಳಿ ಕಾಗದದ ಮೇಲೆ ಹಾಕಬೇಕು. ಅವು ಬರಿಯ ಮಣ್ಣಾದರೆ ಕಪ್ಪಾಗಿಯೇ ಉಳಿಯುತ್ತವೆ. ಚಿಗಟದ ಹಿಕ್ಕೆಯಾದರೆ ಸುತ್ತಲೂ ಕೆಂಪುಗಂದು ಬಣ್ಣ ಬಿಡುತ್ತದೆ.

ನಾಯಿಯ ಚಿಕಿತ್ಸೆ

ಮನೆಯಲ್ಲಿರುವ ಎಲ್ಲ ನಾಯಿ, ಬೆಕ್ಕುಗಳಿಗೂ ಒಂದೇ ದಿನ ಚಿಕಿತ್ಸೆ ಆಗಬೇಕು. ಒಂದನ್ನು ಬಿಟ್ಟರೂ ಅದೇ ಮುಂದಿನ ಸಂತತಿಯ ತವರಾಗುತ್ತದೆ. ಸ್ನಾನ ಮಾಡಿಸುವುದಾದರೆ ಮೊದಲು ಕುತ್ತಿಗೆಯ ಸುತ್ತ ದಟ್ಟ ನೊರೆಯ ಪಟ್ಟಿ ಕಟ್ಟಬೇಕು, ಇಲ್ಲವಾದರೆ ಮೈಯ ಚಿಗಟಗಳೆಲ್ಲ ನೀರಿನಿಂದ ತಪ್ಪಿಸಿಕೊಂಡು ಕಿವಿ, ಮುಖಗಳಿಗೆ ಏರುತ್ತವೆ. ನಾಯಿಗೆಂದೇ ತಯಾರಾದ ಶಾಂಪೂ ಬಳಸಿದ ಸ್ನಾನ ಆ ಹೊತ್ತಿನ ಚಿಗಟಗಳನ್ನು ತೊಳೆಯುತ್ತದೆಯೇ ಹೊರತು ನಾಳೆ ನೆಲದಿಂದ ಹಾರಿ ಹತ್ತುವುದನ್ನು ತಡೆಯುವುದಿಲ್ಲ. ತಡೆಯುವ ಕೆಲಸ ದೀರ್ಘಕಾಲ ಉಳಿಯುವ ಔಷಧಗಳದ್ದು.

ಅವುಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ಫಿಪ್ರೊನಿಲ್‌ನಂಥ ಕೀಟನಾಶಕವಿರುವ, ಚರ್ಮಕ್ಕೆ ಹನಿಸುವ ದ್ರವ. ಭುಜಗಳ ನಡುವೆ, ನಾಯಿಯ ನಾಲಿಗೆ ತಲುಪದ ಕಡೆ ಕೂದಲನ್ನು ಬಿಡಿಸಿ ಇದನ್ನು ಚರ್ಮದ ಮೇಲೆಯೇ ಬಿಡಬೇಕು; ಕೂದಲ ಮೇಲೆ ಸುರಿದರೆ ವ್ಯರ್ಥ. ಹನಿಸುವ ಎರಡು ದಿನ ಮೊದಲೂ ಎರಡು ದಿನ ಅನಂತರವೂ ಸ್ನಾನ ಬೇಡ, ಏಕೆಂದರೆ ಔಷಧ ಚರ್ಮದ ಎಣ್ಣೆಯಂಶದಲ್ಲಿ ಬೆರೆತೇ ಮೈಯೆಲ್ಲ ಹರಡಬೇಕು. ಎರಡನೆಯದು ಅಫಾಕ್ಸೊಲೇನರ್, ಫ್ಲುರಲೇನರ್ ಮೊದಲಾದ ಬಾಯಿಯ ಮೂಲಕ ಕೊಡುವ ಗುಳಿಗೆ. ಅಫಾಕ್ಸೊಲೇನರ್‌ನ ಪರಿಣಾಮ ಒಂದು ತಿಂಗಳು, ಫ್ಲುರಲೇನರ್‌ನದ್ದು ಸುಮಾರು 12 ವಾರ. ನಾಯಿಯ ರಕ್ತದಲ್ಲಿ ಸೇರಿದ ಔಷಧ, ಕಚ್ಚಿದ ಚಿಗಟವನ್ನು ಕೊಲ್ಲುತ್ತದೆ. ಈ ಗುಂಪಿನ ಗುಳಿಗೆಗಳು ಫಿಟ್ಸ್ ಬರುವ ನಾಯಿಗಳಲ್ಲಿ ತೊಂದರೆ ತರಬಹುದಾದ್ದರಿಂದ, ಅಂಥ ಇತಿಹಾಸವಿದ್ದರೆ ಪಶುವೈದ್ಯರಿಗೆ ಮೊದಲೇ ತಿಳಿಸಬೇಕು. ಎರಡೂ ಬಗೆಯಲ್ಲಿ ಪ್ರಮಾಣ ನಿಂತಿರುವುದು ತೂಕದ ಮೇಲೆ. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಬಳಿಕ ಎತ್ತಿಕೊಂಡವರ ತೂಕ ಕಳೆಯುವ ಸರಳ ವಿಧಾನ ಕಣ್ಣಂದಾಜಿಗಿಂತ ಎಷ್ಟೋ ಮೇಲು. ಎಂಟು ವಾರ ತುಂಬದ ಮರಿಗಳಿಗೆ ವೈದ್ಯರು ಹೇಳದ ಹೊರತು ಕೀಟನಾಶಕ ಸಲ್ಲದು. ದಿನವೂ ಹಣಿಗೆಯಿಂದ ಬಾಚಿ, ಹಣಿಗೆಯನ್ನು ಸೋಪಿನ ನೀರಿಗೆ ಅದ್ದುವುದೇ ಅವುಗಳಿಗೆ ಸರಿಯಾದ ಉಪಾಯ. ಹಾಗೆಂದು ನಿರ್ಲಕ್ಷಿಸುವಂತೆಯೂ ಇಲ್ಲ, ಏಕೆಂದರೆ ಚಿಗಟ ಹೆಚ್ಚಿದಾಗ ಎಳೆಯ ಮರಿಗಳು ರಕ್ತಹೀನತೆಯಿಂದ ಸಾಯುವುದುಂಟು. ಒಸಡು ಬಿಳಿಚಿಕೊಂಡಿದ್ದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಮಾಡಬಾರದ್ದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಪರ್ಮೆಥ್ರಿನ್ ಇರುವ ನಾಯಿಯ ಔಷಧ ಬೆಕ್ಕಿಗೆ ಪ್ರಾಣಾಂತಕ. ಫಿಪ್ರೊನಿಲ್ ಮೊಲಕ್ಕೆ ವಿಷ. ಸೀಮೆಎಣ್ಣೆ, ಕಪ್ಪು ಫಿನಾಯಿಲ್, ಹೊಗೆಸೊಪ್ಪಿನ ನೀರುಗಳನ್ನು ಮೈಗೆ ಸವರುವ ರೂಢಿಯಿಂದ ಚರ್ಮ ಸುಡುತ್ತದೆ, ನೆಕ್ಕಿಕೊಂಡ ನಾಯಿಗೆ ವಿಷವೇರುತ್ತದೆ. ಬೆಳ್ಳುಳ್ಳಿ ತಿನ್ನಿಸುವುದು ಚಿಗಟಕ್ಕಿಂತ ನಾಯಿಯ ಕೆಂಪು ರಕ್ತಕಣಗಳಿಗೇ ಹೆಚ್ಚು ಕೇಡು. ಒಂದು ಕಾಲಕ್ಕೆ ಹಳ್ಳಿಗಳಲ್ಲಿ ಧಾರಾಳವಾಗಿ ಎರಚುತ್ತಿದ್ದ ಬಿಎಚ್‌ಸಿ ಪುಡಿಯನ್ನು ಭಾರತದಲ್ಲಿ 1997ರಲ್ಲಿಯೇ ನಿಷೇಧಿಸಲಾಗಿದೆ. ಅಟ್ಟದ ಮೇಲೆ ಹಳೆಯ ಪೊಟ್ಟಣ ಉಳಿದಿದ್ದರೆ ಅದನ್ನು ಮುಟ್ಟದಿರುವುದೇ ಲೇಸು. ಬೇವಿನ ಸೊಪ್ಪು ಕುದಿಸಿದ ನೀರಿನ ಸ್ನಾನಕ್ಕೆ ಅಡ್ಡಿಯಿಲ್ಲ, ಆದರೆ ನೆಲೆಯೂರಿದ ಚಿಗಟವನ್ನು ಅದೊಂದರಿಂದಲೇ ಕೀಳಬಹುದೆಂದು ನಂಬುವುದು ಬೇವಿಗೆ ಹೊರಲಾರದ ಹೊರೆ ಹೊರಿಸಿದಂತೆ.

ಮನೆಯ ನೆಲ

ನಾಯಿಗೆ ಔಷಧ ಕೊಟ್ಟ ದಿನವೇ ಅದರ ಹಾಸಿಗೆ, ಹೊದಿಕೆಗಳನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದು ಕಡುಬಿಸಿಲಿಗೆ ಹಾಕಬೇಕು. ಹಳೆಯ ಗೋಣಿಚೀಲವನ್ನು ಒಗೆಯುವುದಕ್ಕಿಂತ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿಕಟ್ಟಿ ಎಸೆಯುವುದು ಮೇಲು. ಬಳಿಕ ಮಂಚ, ಬೀರು, ಸೋಫಾಗಳನ್ನು ಸರಿಸಿ ಗುಡಿಸಬೇಕು. ವ್ಯಾಕ್ಯೂಮ್ ಯಂತ್ರವಿದ್ದರೆ ಜಮಖಾನ ಮತ್ತು ಸೋಫಾದ ಸಂದುಗಳಿಗೆ ಅದೇ ಉತ್ತಮ, ಏಕೆಂದರೆ ಅದು ಮೊಟ್ಟೆಗಳನ್ನೂ ಮರಿಹುಳುಗಳ ಆಹಾರವಾದ ಹಿಕ್ಕೆಯನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ. ಕೂಡಿಬಿದ್ದ ದೂಳನ್ನು ಕೂಡಲೇ ಬಾಯಿಕಟ್ಟಿ ಹೊರಹಾಕಬೇಕು, ಅಂಗಳದ ಮೂಲೆಗೆ ಸುರಿಯಬಾರದು. ನುಣುಪು ಟೈಲ್ಸ್ ನೆಲವನ್ನು ಒರೆಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಬಿರುಕುಬಿಟ್ಟ ಗಾರೆ, ಕಲ್ಲುಚಪ್ಪಡಿ ನೆಲಗಳಲ್ಲಿ ಸಂದುಗಳಿಗೆ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಸಿಮೆಂಟಿನಿಂದ ಮುಚ್ಚುವುದು ಶಾಶ್ವತ ಉಪಾಯ. ಚಿಗಟದ ಕಾಟ ವಿಪರೀತವಾಗಿದ್ದರೆ ಕೀಟ ನಿಯಂತ್ರಣದವರಿಂದ, ದೊಡ್ಡ ಚಿಗಟವನ್ನು ಕೊಲ್ಲುವ ಔಷಧದೊಡನೆ ಪೈರಿಪ್ರಾಕ್ಸಿಫೆನ್ ಅಥವಾ ಮೆಥೊಪ್ರೀನ್ ಕೂಡ ಸಿಂಪಡಣೆ ಮಾಡಿಸಬೇಕು. ಇವು ಬೆಳವಣಿಗೆ ನಿಯಂತ್ರಕಗಳು, ಎಂದರೆ ಮೊಟ್ಟೆ ಮತ್ತು ಮರಿಹುಳು ಮುಂದಿನ ಹಂತಕ್ಕೆ ಬಲಿಯದಂತೆ ತಡೆಯುವ ವಸ್ತುಗಳು. ಸಿಂಪಡಿಸಿದ್ದು ಪೂರ್ತಿ ಒಣಗುವವರೆಗೆ ಮಕ್ಕಳೂ ಸಾಕುಪ್ರಾಣಿಗಳೂ ಹೊರಗಿರಬೇಕು, ಮೀನಿನ ತೊಟ್ಟಿಯನ್ನು ಮುಚ್ಚಿಡಬೇಕು.

ಇಷ್ಟೆಲ್ಲ ಆದರೂ ಗೂಡಿನೊಳಗಿನ ಕೋಶಕ್ಕೆ ಯಾವ ಸಿಂಪಡಣೆಯೂ ಸುಲಭವಾಗಿ ತಾಗುವುದಿಲ್ಲ. ಎರಡನೆಯ ವಾರದಲ್ಲಿ ಮತ್ತೆ ಚಿಗಟ ಕಾಣುವುದು ಈ ಕಾರಣದಿಂದಲೇ. ಅವು ಚಿಕಿತ್ಸೆಗೆ ಮೊದಲೇ ಗೂಡು ಕಟ್ಟಿ, ಈಗ ಹೊರಬಂದ ಹಳೆಯ ಸಂತತಿ. ಮನೆಮಂದಿ ಗಾಬರಿಯಾಗಿ ನಾಯಿಯನ್ನು ಬೇರೆಡೆಗೆ ಕಳುಹಿಸುವುದು ಅಥವಾ ಅವಧಿಗೆ ಮೊದಲೇ ಮತ್ತೊಂದು ಡೋಸ್ ಹಾಕುವುದು ತಪ್ಪು. ಔಷಧ ಪಡೆದ ನಾಯಿಯೇ ಈಗ ಬೋನು. ಹೊಸದಾಗಿ ಹೊರಬಂದ ಚಿಗಟ ಅದರ ಮೇಲೇರಿ, ಮೊಟ್ಟೆಯಿಡುವ ಮೊದಲೇ ಸಾಯುತ್ತದೆ. ಆದ್ದರಿಂದ ನಾಯಿ ಎಂದಿನಂತೆ ಮನೆಯಲ್ಲೆಲ್ಲ ಓಡಾಡಿಕೊಂಡಿರಬೇಕು, ಗುಡಿಸುವುದು ನಿಲ್ಲಬಾರದು, ಔಷಧ ಕನಿಷ್ಠ ಮೂರು ತಿಂಗಳು ತಪ್ಪಬಾರದು. ಕೆಲಸ ಎಷ್ಟು ಮುಂದುವರಿದಿದೆಯೆಂದು ತಿಳಿಯಲು ರಾತ್ರಿ ಅಗಲ ತಟ್ಟೆಯಲ್ಲಿ ಸೋಪಿನ ನೀರಿಟ್ಟು, ಅದರ ಮೇಲೆ ಸಣ್ಣ ದೀಪ ಉರಿಸಿದರೆ, ಬೆಳಕು, ಬಿಸಿಗಳಿಗೆ ಜಿಗಿದ ಚಿಗಟಗಳು ಬೆಳಗ್ಗೆ ಎಣಿಕೆಗೆ ಸಿಗುತ್ತವೆ.

ಅಂಗಳದಲ್ಲಿ ಬಿಸಿಲು ಬೀಳುವ ಜಾಗವನ್ನು ಮರೆತರೂ ಆದೀತು. ಜಗುಲಿಯ ಅಡಿ, ಸೌದೆ ಕೊಟ್ಟಿಗೆ, ಪೊದೆಯ ನೆರಳು, ಬೀದಿನಾಯಿ ಬಂದು ಮಲಗುವ ಮರಳುಗುಡ್ಡೆ, ಇವಿಷ್ಟನ್ನು ಕೆರೆದು ಶುಚಿಮಾಡಿ ಬೆಳಕಾಡುವಂತೆ ಮಾಡಬೇಕು.

ಮನುಷ್ಯರಿಗೆ

ನಾಯಿಯ ಚಿಗಟ ಮನುಷ್ಯರ ಮೈಯಲ್ಲಿ ನೆಲೆಸುವುದಿಲ್ಲ. ನೆಲದಿಂದ ಜಿಗಿದು ಪಾದ, ಕಣಕಾಲುಗಳನ್ನು ಕಚ್ಚಿ ಹೋಗುತ್ತದೆ. 1898ರಲ್ಲಿ ಬೆಂಗಳೂರನ್ನು ನಡುಗಿಸಿ, ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಬೆಳವಣಿಗೆಗೂ ಕಾರಣವಾದ ಪ್ಲೇಗನ್ನು ಇಲಿಯಿಂದ ಮನುಷ್ಯರಿಗೆ ದಾಟಿಸುವುದು ಮುಖ್ಯವಾಗಿ ಇಲಿಯ ಚಿಗಟ. ಅದೇ ವರ್ಷ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂದ್ ಅದನ್ನು ಪ್ರಯೋಗದಿಂದ ತೋರಿಸಿದನು. ನಾಯಿಯ ಚಿಗಟದಿಂದ ಇಂದು ಹೆಚ್ಚಾಗಿ ಎದುರಾಗುವ ತೊಂದರೆ ಲಾಡಿಹುಳು. ಅದರ ಮೊಟ್ಟೆಯನ್ನು ತಿಂದು ಬೆಳೆದ ಚಿಗಟವನ್ನು ನಾಯಿ ಮೈ ಕಚ್ಚಿಕೊಳ್ಳುವಾಗ ನುಂಗಿದರೆ ಹುಳು ಕರುಳಿಗೆ ಸೇರುತ್ತದೆ. ಅಪರೂಪವಾಗಿ, ನೆಲದ ಮೇಲೆ ಆಡುವ ಮಗುವೂ ನುಂಗುವುದುಂಟು. ನಾಯಿಯ ಗುದದ ಬಳಿ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಪ್ರಾಜಿಕ್ವಾಂಟೆಲ್ ಇರುವ ಜಂತುನಾಶಕ ಕೊಡಿಸಬೇಕು. ಬಾಲದ ಬುಡದಲ್ಲಿ ಕೂದಲುದುರಿ ಚರ್ಮ ಕೆಂಪಾಗಿದ್ದರೆ ಅದು ಚಿಗಟದ ಜೊಲ್ಲಿನ ಅಲರ್ಜಿಯಾಗಿರಬಹುದು. ಅಂಥ ನಾಯಿಗೆ ಒಂದೆರಡು ಕಡಿತವೇ ಸಾಕು, ಮೈಮೇಲೆ ಚಿಗಟ ಕಾಣದಿದ್ದರೂ ಚಿಕಿತ್ಸೆ ಬೇಕಾಗುತ್ತದೆ.

ರಜೆಗೆ ಬೀಗ ಹಾಕಿ ಹೋದ ಮನೆಯ ವಿಷಯ ಬೇರೆ. ಗೂಡಿನೊಳಗೆ ಬಲಿತ ಚಿಗಟ ಅದುರು, ಮೈಶಾಖ, ಉಸಿರಿನ ಇಂಗಾಲದ ಡೈಆಕ್ಸೈಡ್‌ಗಳ ಸುಳಿವಿಗಾಗಿ ತಿಂಗಳುಗಟ್ಟಲೆ ಕಾಯಬಲ್ಲದಾದ್ದರಿಂದ, ಬಾಗಿಲು ತೆರೆದು ನಾಲ್ಕು ಹೆಜ್ಜೆ ಇಟ್ಟೊಡನೆ ಹಸಿದ ಚಿಗಟಗಳು ಒಮ್ಮೆಲೇ ಮುತ್ತುತ್ತವೆ. ಅಂಥ ಮನೆಗೆ ಮೊದಲು ಒಬ್ಬರೇ ಬೂಟು, ಉದ್ದ ಕಾಲುಚೀಲ ತೊಟ್ಟು ಹೋಗಿ, ಪೊರಕೆಯಿಂದ ನೆಲ, ಪೀಠೋಪಕರಣಗಳನ್ನು ಬಡಿದು ಗುಡಿಸಿ, ಹೊರಬಂದದ್ದನ್ನು ತೆಗೆದುಹಾಕಿ, ಔಷಧ ಪಡೆದ ನಾಯಿಯನ್ನೂ ಮಕ್ಕಳನ್ನೂ ಆಮೇಲೆ ಒಳಗೆ ಬಿಡಬೇಕು.